ಪಿಎಸ್5 ಪೆಟ್ಟಿಗೆ ಮೂರು ದಿನದಿಂದ ಹಾಗೇ ಇದೆ, ಎಲ್ಲಿಂದ ಶುರು ಮಾಡಲಿ?

ಡೊಂಬಿವಲಿ ಸೊಸೆ
ಎಲ್ಲರಿಗೂ ನಮಸ್ಕಾರ. ಬೈಬೇಡಿ, ತೀರಾ ಅಆಇಈ ಮಟ್ಟದ ಪ್ರಶ್ನೆ. ನನ್ನ ತಮ್ಮ ದುಬೈನಿಂದ ಬರುವಾಗ ಮಗನಿಗೆ ಅಂತ ಪಿಎಸ್5, ಅಂದರೆ ಟಿವಿಗೆ ಹಾಕಿ ಗೇಮ್ ಆಡುವ ಪ್ಲೇಸ್ಟೇಷನ್ ಡಬ್ಬ, ತಂದ. ಸ್ಲಿಮ್ ಅನ್ನುವ ತೆಳ್ಳನೆಯ ಮಾಡೆಲ್ ಅಂತೆ, ಡಿಸ್ಕ್ ಹಾಕುವಂಥದ್ದು. ಕೊಟ್ಟು, ಊಟ ಮಾಡಿ, ಮತ್ಸ್ಯಗಂಧ ಹಿಡಿಯಬೇಕು ಅಂತ ಠಾಣೆಗೆ ಓಡಿದ. ಈಗ ಊರಿಂದ ಫೋನಿನಲ್ಲಿ "ಅಕ್ಕಾ, ಏನಿಲ್ಲ, ವೈರ್ ಚುಚ್ಚು ಅಷ್ಟೇ" ಅನ್ನುತ್ತಾನೆ.

ಮೊದಲ ದಿನ ಅಮಾವಾಸ್ಯೆ, ಅತ್ತೆ ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ಎರಡನೇ ದಿನ ಆಫೀಸು, ಲೋಕಲ್‌ನಲ್ಲಿ ನಿಂತು ಬಂದವಳಿಗೆ ಅನ್ನ ಮಾಡಲೂ ಕೈ ಬರಲಿಲ್ಲ. ಇವತ್ತು ಬಿಚ್ಚಿದೆ. ಪ್ಲಗ್ ನೋಡಿದರೆ ಮೂರು ಚಪ್ಪಟೆ ಕಾಲು, ನಮ್ಮ ಸಾಕೆಟ್ಟಿಗೆ ಹೋಗುವುದೇ ಇಲ್ಲ. ಅಲ್ಲಿಗೇ ನಿಂತಿದೆ.

ಮನೆಯವರು ಹಡಗಿನ ಕೆಲಸದಲ್ಲಿದ್ದಾರೆ, ಬರಲು ಇನ್ನೂ ನಾಲ್ಕು ತಿಂಗಳು. ಮಗನಿಗೆ 10 ವರ್ಷ. ತನಗೆ ಎಲ್ಲ ಗೊತ್ತು ಅನ್ನುತ್ತಾನೆ, ನನಗೆ ಭಯ ಇರುವುದೇ ಅದಕ್ಕೆ. ಟಿವಿ 43 ಇಂಚು, ಗೋಡೆಗೆ ಹೊಡೆದಿದ್ದು, ಕೆಳಗೆ ಗಾಜಿನ ಬಾಗಿಲಿನ ಶೋಕೇಸು, ಅದರೊಳಗೆ ಸೆಟ್‌ಟಾಪ್ ಬಾಕ್ಸು. ಇಲ್ಲಿನ ಕರೆಂಟಿಗೆ ಹಾಕಿದರೆ ಸುಟ್ಟುಹೋಗುತ್ತದಾ? ಯಾವುದನ್ನು ಮೊದಲು ಚುಚ್ಚಬೇಕು?

ಎರಡನೇ ಕಂಟ್ರೋಲರ್
ಸುಡಲ್ಲ. ದುಬೈನಲ್ಲೂ ನಮ್ಮ ಥರವೇ 230 ವೋಲ್ಟ್. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಆರಾಮಾಗಿರಿ.

ಮಾಟುಂಗಾ ಮಾಣಿ
ದುಬೈನದ್ದಕ್ಕೆ ಸುಡಲ್ಲ. ಅಮೆರಿಕದ್ದಾಗಿದ್ದರೆ ಒಂದು ಕಥೆ ಹೇಳುತ್ತಿದ್ದೆ. ಇರಲಿ, ಹೇಳಿಯೇಬಿಡುತ್ತೇನೆ.

2002ರಲ್ಲಿ ನಮ್ಮ ಚಿಕ್ಕಪ್ಪ ನ್ಯೂಜೆರ್ಸಿಯಿಂದ ದಪ್ಪ ಪಿಎಸ್2 ತಂದರು. ಆಗ ನಮ್ಮ ಬಿಲ್ಡಿಂಗಿನಲ್ಲಿ ಅಂಥದ್ದು ಯಾರ ಮನೆಯಲ್ಲೂ ಇರಲಿಲ್ಲ. ಹತ್ತು ಹುಡುಗರು ಬಾಗಿಲಲ್ಲಿ ನಿಂತಿದ್ದರು. ಚಿಕ್ಕಪ್ಪ ಗತ್ತಿನಿಂದ ಪಿನ್ನಿಗೆ ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಒತ್ತಿದರು. "ಟಪ್" ಅಂತು. ಅಷ್ಟೇ. ಅದು 120 ವೋಲ್ಟಿನ ಡಬ್ಬ, ನಾವು ಕೊಟ್ಟಿದ್ದು 230. ಪಿನ್ ಹೊಂದಿತು ಅಂದ ಮಾತ್ರಕ್ಕೆ ವೋಲ್ಟು ಹೊಂದಲ್ಲ ಅಂತ ಆವತ್ತು ಕಲಿತೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಒಬ್ಬರು ಒಳಗಿನ ಪವರ್ ಸಪ್ಲೈ ಬದಲಿಸಿ ಬದುಕಿಸಿದರು. ಅಲ್ಲಿತನಕ ಮೂರು ವಾರ ಚಿಕ್ಕಪ್ಪ ಬಾಲ್ಕನಿಯಲ್ಲೇ ಪೇಪರ್ ಓದುತ್ತಿದ್ದರು.

ನಿಮ್ಮದಕ್ಕೆ ಅಡಾಪ್ಟರೂ ಬೇಡ. ಆ ವೈರ್ ಡಬ್ಬದಿಂದ ಬಿಚ್ಚಿ ಬರುತ್ತದೆ. ಹಿಂದೆ ನೋಡಿ, ಇಂಗ್ಲಿಷಿನ 8 ಮಲಗಿದ ಹಾಗೆ ಎರಡು ತೂತು ಇರುತ್ತದೆ. ಹಳೇ ಟೂ ಇನ್ ಒನ್ ಟೇಪ್ ರೆಕಾರ್ಡರಿಗೆ ಹಾಕುತ್ತಿದ್ದ ವೈರೇ ಅದು. ಅಟ್ಟದ ಮೇಲೆ ಖಂಡಿತ ಒಂದು ಸಿಗುತ್ತದೆ.

ಅಡಾಪ್ಟರ್ ಅಣ್ಣ
ಮಾಣಿಯವರೇ, ಆಕಾರ ಅದೇ, ಒಪ್ಪಿದೆ. ಆದರೆ ಅಟ್ಟದ ಮೇಲಿನ ವೈರ್ ಬೇಡ. ಟೇಪ್ ರೆಕಾರ್ಡರ್ ತಿನ್ನುತ್ತಿದ್ದುದು 15, 20 ವಾಟ್. ಪಿಎಸ್5 ದೊಡ್ಡ ಗೇಮ್ ಓಡಿಸುವಾಗ 200 ವಾಟಿನ ಆಸುಪಾಸು ಎಳೆಯುತ್ತದೆ, ಮೇಲೆ ಬರೆದಿರುವ ಗರಿಷ್ಠ ಮಿತಿ 340ರಷ್ಟು. ಮೂವತ್ತು ವರ್ಷದ ಒಣಗಿದ ರಬ್ಬರ್ ವೈರ್, ಅದೂ ಇಲಿ ಕಡಿದದ್ದು, ಅದಕ್ಕೆ ಯಾಕೆ ಕೊಡಬೇಕು ಆ ಕೆಲಸ? ಐಎಸ್‌ಐ ಗುರುತಿರುವ, 2.5 ಆಂಪಿಯರ್ ಅಂತ ಬರೆದಿರುವ ಹೊಸ ವೈರ್ ತಗೊಳ್ಳಿ. ಜಾಸ್ತಿ ಬೆಲೆ ಇಲ್ಲ. ನಾನು ಠಾಣೆಯಲ್ಲಿ ಇದೇ ಕೆಲಸ ಮಾಡುವವನು, ಸುಟ್ಟ ಪ್ಲಗ್ ವಾರಕ್ಕೆ ಎರಡು ಬರುತ್ತವೆ.

ಮಾಟುಂಗಾ ಮಾಣಿ
ನಮ್ಮ ಅಟ್ಟದಲ್ಲಿ ಇಲಿ ಇಲ್ಲ ಸ್ವಾಮಿ.

ಅಡಾಪ್ಟರ್ ಅಣ್ಣ
ಮಾಟುಂಗಾದಲ್ಲಿ ಇಲಿ ಇಲ್ಲದ ಅಟ್ಟ ತೋರಿಸಿ, ನಾನು ವೈರ್ ಫ್ರೀ ಕೊಡುತ್ತೇನೆ.

ಪಣಜಿ ಮಳೆ
ವೈರ್ ಬದಲಿಸಿದರೆ ವಾರಂಟಿ ಹೋಗುತ್ತದಾ?

ಎರಡನೇ ಕಂಟ್ರೋಲರ್
ಹೊರಗಿನ ವೈರಿಗೂ ವಾರಂಟಿಗೂ ಸಂಬಂಧ ಇಲ್ಲ. ಆದರೆ ಹೊರದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಬಿಲ್ಲಿನ ಫೋಟೋ ತಮ್ಮನ ಹತ್ತಿರ ಇವತ್ತೇ ತರಿಸಿ ಇಟ್ಟುಕೊಳ್ಳಿ.

ರಿಟೈರ್ಡ್ ಮೇಷ್ಟ್ರು, ಮುಲುಂಡ್
ವೈರಿನ ವಿಷಯ ಆಯಿತು. 10 ವರ್ಷದ ಹುಡುಗನಿಗೆ ಇದು ಬೇಕಾ ಅನ್ನುವುದನ್ನು ಯಾರೂ ಕೇಳಲಿಲ್ಲವಲ್ಲ.

ಎರಡನೇ ಕಂಟ್ರೋಲರ್
ಬಂತು.

ಡೊಂಬಿವಲಿ ಸೊಸೆ
ಮೇಷ್ಟ್ರೇ, ನಮ್ಮ ಅತ್ತೆಯೂ ಅದನ್ನೇ ಕೇಳಿದರು. ತಂದದ್ದಾಯಿತು, ಏನು ಮಾಡಲಿ? ವೈರ್ ಸ್ಟೇಷನ್ ಹತ್ತಿರ ತಂದೆ. ಅಂಗಡಿಯವನು "ಟೆನ್ಶನ್ ನಕೋ ತಾಯಿ" ಅಂದ. ಈಗ ಎಲ್ಲಿ ಇಡಲಿ? ಮಗ ನಿಲ್ಲಿಸಿ ಇಡಬೇಕು ಅನ್ನುತ್ತಾನೆ. ಶೋಕೇಸಿನೊಳಗೆ ಮಲಗಿಸಿದರೆ ಸರಿಯಾಗಿ ಹಿಡಿಸುತ್ತದೆ, ಬಾಗಿಲೂ ಮುಚ್ಚುತ್ತದೆ, ಧೂಳು ಕೂರಲ್ಲ.

ಅಡಾಪ್ಟರ್ ಅಣ್ಣ
ಬಾಗಿಲು ಮುಚ್ಚುವ ಜಾಗ ಬೇಡವೇ ಬೇಡ. ಒಳಗೆ ದೊಡ್ಡ ಫ್ಯಾನ್ ಇದೆ, ಮುಂದಿನಿಂದ ಗಾಳಿ ಎಳೆದು ಹಿಂದೆ ಬಿಸಿ ಊದುತ್ತದೆ. ಗಾಜು ಮುಚ್ಚಿದರೆ ತಾನು ಬಿಟ್ಟ ಬಿಸಿಯನ್ನೇ ತಾನು ಉಸಿರಾಡುತ್ತದೆ. ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರ ಅಂತ ಕಂಪನಿಯೇ ಹೇಳುತ್ತದೆ, ಅಂದರೆ ಒಂದು ಗೇಣಿನ ಅರ್ಧ. ಶೋಕೇಸಿನ ಮೇಲೆ ಇಡಿ. ಕೆಳಗೆ ಕ್ರೋಶಾ ಹಾಕಿದ ಬಟ್ಟೆ ಹಾಸಬೇಡಿ, ಮೇಲೂ ಹೊದಿಸಬೇಡಿ. ನಗಬೇಡಿ, ನಮ್ಮ ಅಂಗಡಿಗೆ ಕ್ರೋಶಾ ಸಮೇತ ಬಂದಿದೆ.

ಗುರುವಾರ ಕರೆಂಟ್ ಇಲ್ಲ
ನಿಲ್ಲಿಸಬೇಡಿ. ಒಳಗೆ ಲಿಕ್ವಿಡ್ ಮೆಟಲ್ ಇದೆ, ನಿಲ್ಲಿಸಿದರೆ ಕೆಳಗೆ ಇಳಿದು ಬೋರ್ಡ್ ಶಾರ್ಟ್ ಆಗುತ್ತದೆ ಅಂತ ಓದಿದ್ದೆ.

ಎರಡನೇ ಕಂಟ್ರೋಲರ್
ಅರ್ಧ ಓದಿದ್ದೀರಿ. ಚಿಪ್ ತಣ್ಣಗಿಡಲು ಲಿಕ್ವಿಡ್ ಮೆಟಲ್ ಹಾಕಿರುವುದು ನಿಜ. ಅದರ ಸುತ್ತ ಸೀಲ್ ಇದೆ. ರಿಪೇರಿ ಮಾಡುವ ಕೆಲವರು, ಬಿದ್ದ ಅಥವಾ ಬಿಚ್ಚಿದ ಡಬ್ಬಗಳಲ್ಲಿ ಅದು ಸರಿದಿದ್ದು ಕಂಡೆವು ಅಂದರು. ಅದು ಬಾಯಿಂದ ಬಾಯಿಗೆ ಹೋಗಿ "ನಿಲ್ಲಿಸಿದರೆ ಸಾಯುತ್ತದೆ" ಆಯಿತು. ನಿಲ್ಲಿಸಬಹುದು, ಮಲಗಿಸಬಹುದು, ಕಂಪನಿ ಎರಡಕ್ಕೂ ಸರಿ ಅನ್ನುತ್ತದೆ. ನನ್ನದು 2021ರಿಂದ ನಿಂತೇ ಇದೆ, ಹಿಂಜೆವಾಡಿಯಲ್ಲಿ, ನನಗಿಂತ ನೆಟ್ಟಗೆ.

ಅಡಾಪ್ಟರ್ ಅಣ್ಣ
ನಿಮ್ಮದು ಒಂದು. ನಾನು ನೋಡಿದ್ದು ಬೇಕಾದಷ್ಟು. ಆದರೆ ಈ ಮನೆಗೆ ಮಲಗಿಸುವುದೇ ಸರಿ, ಕಾರಣ ಬೇರೆ. ಸ್ಲಿಮ್‌ಗೆ ನಿಲ್ಲಿಸುವ ಸ್ಟ್ಯಾಂಡ್ ಪೆಟ್ಟಿಗೆಯಲ್ಲಿ ಬರಲ್ಲ, ಬೇರೆ ಕೊಳ್ಳಬೇಕು. ಮಲಗಿಸಲು ಎರಡು ಚಿಕ್ಕ ಪ್ಲಾಸ್ಟಿಕ್ ಕಾಲು ಮಾತ್ರ ಬರುತ್ತವೆ. ಸ್ಟ್ಯಾಂಡ್ ಇಲ್ಲದೆ ನಿಲ್ಲಿಸಿ, ಹುಡುಗ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ವೈರ್ ಎಳೆದರೆ ಮೂರು ಕಿಲೋ ಭಾರ ನೆಲಕ್ಕೆ. ಡಿಸ್ಕ್ ಹಾಕುವ ಉಬ್ಬು ಕೆಳಗಿರಲಿ.

ಡೊಂಬಿವಲಿ ಸೊಸೆ
ಆ ಪ್ಲಾಸ್ಟಿಕ್ ಕಾಲುಗಳಾ!! ಪ್ಯಾಕಿಂಗಿನ ಕಸ ಅಂತ ಡಬ್ಬಿಗೆ ಹಾಕಿದ್ದೆ. ಕಸದವನು ಬರುವ ಮೊದಲು ತೆಗೆದೆ. ಥ್ಯಾಂಕ್ಸ್.

ವಾಸ್ಕೊ ಹುಬ್ಬಳ್ಳಿ
ಗೋವಾದವರ ಮಾತೂ ಒಂದು ಕೇಳಿ. ಮಳೆಗಾಲದಲ್ಲಿ ಮಿಂಚು ಶುರುವಾದರೆ ಪ್ಲಗ್ ಕಿತ್ತುಬಿಡಿ. ಸ್ಪೈಕ್ ಗಾರ್ಡ್ ಇದೆ ಅಂತ ನಾನು ಧೈರ್ಯವಾಗಿ ಮಲಗಿದ್ದೆ. ಸಿಡಿಲು ಪವರ್ ವೈರಿನಲ್ಲಿ ಬರಲಿಲ್ಲ, ಇಂಟರ್ನೆಟ್ಟಿನ ಲ್ಯಾನ್ ವೈರಿನಲ್ಲಿ ಬಂತು. ರೂಟರ್ ಸತ್ತಿತು, ಕನ್ಸೋಲಿನ, ಅಂದರೆ ಗೇಮ್ ಡಬ್ಬದ, ಲ್ಯಾನ್ ಪೋರ್ಟ್ ಸತ್ತಿತು. ಉಳಿದದ್ದೆಲ್ಲ ಸರಿ ಇದೆ, ಈಗ ವೈಫೈ ಮೇಲೆ ಜೀವನ.

ಎರಡನೇ ಕಂಟ್ರೋಲರ್
ಅದು ತಾಮ್ರದ ಕೇಬಲ್ ಕಾಲದ ಮಾತು ಅಲ್ವಾ? ಈಗ ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯಲ್ಲ.

ವಾಸ್ಕೊ ಹುಬ್ಬಳ್ಳಿ
ನಮ್ಮ ಏರಿಯಾದಲ್ಲಿ ಕಂಬದಿಂದ ಕಂಬಕ್ಕೆ ಫೈಬರ್, ಕೊನೆಯ ಕಂಬದಿಂದ ಮನೆಗೆ ತಾಮ್ರ. ಅರ್ಧ ಗಾಜು ಅರ್ಧ ತಾಮ್ರ ರೀ.

ಡೊಂಬಿವಲಿ ಸೊಸೆ
ಚುಚ್ಚಿದೆ. ಬಟನ್ ಒತ್ತಿದೆ. ಬೀಪ್ ಅಂತು. ನೀಲಿ ಲೈಟ್ ಬಂತು, ಆಮೇಲೆ ಬಿಳಿ ಆಯಿತು. ಟಿವಿಯಲ್ಲಿ "ಸಿಗ್ನಲ್ ಇಲ್ಲ" ಅಂತ ಒಂದು ಡಬ್ಬ ಆಚೆ ಈಚೆ ತೇಲುತ್ತಿದೆ. ಮಗ ಅಳುತ್ತಿದ್ದಾನೆ. ಅತ್ತೆ "ಅಮಾವಾಸ್ಯೆ ಮುಗಿದರೂ ಪಾಡ್ಯ ಇತ್ತು" ಅನ್ನುತ್ತಿದ್ದಾರೆ. ಬೇಗ ಯಾರಾದರೂ ಹೇಳಿ.

ಗುರುವಾರ ಕರೆಂಟ್ ಇಲ್ಲ
ಸೇಫ್ ಮೋಡ್‌ಗೆ ಹೋಗಿ. ಅದು ಡಬ್ಬ ಸರಿಯಾಗಿ ಏಳದಿದ್ದಾಗ ಬಳಸುವ ರಿಪೇರಿ ಪಟ್ಟಿ. ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿ ಹಿಡಿಯಿರಿ. ಒಂದು ಬೀಪ್ ತಕ್ಷಣ, ಎರಡನೇ ಬೀಪ್ ಸುಮಾರು 7 ಸೆಕೆಂಡ್ ಆದ ಮೇಲೆ. ಆಗ ಬಿಡಿ. ಬರುವ ಪಟ್ಟಿಯಲ್ಲಿ ಎರಡನೆಯದು ವಿಡಿಯೊ ಔಟ್‌ಪುಟ್ ಬದಲಿಸುವುದು, ಅಲ್ಲಿ ರೆಸಲ್ಯೂಶನ್ ಸರಿ ಮಾಡಬಹುದು. ಆರನೆಯದು, ಏಳನೆಯದು ಅಪ್ಪಿತಪ್ಪಿಯೂ ಮುಟ್ಟಬೇಡಿ, ಎಲ್ಲ ಅಳಿಸಿಹೋಗುತ್ತದೆ.

ಮಾಟುಂಗಾ ಮಾಣಿ
ಅಯ್ಯೋ, ಪಾಪ ಅವರನ್ನು ನೇರವಾಗಿ ಐಸಿಯುಗೆ ಯಾಕೆ ಕಳಿಸುತ್ತೀರಿ? ಟಿವಿಯಲ್ಲಿ ಏನೂ ಕಾಣದಿದ್ದರೆ ಆ ಪಟ್ಟಿ ಎಲ್ಲಿ ನೋಡುತ್ತಾರೆ? ಬಿಳಿ ಲೈಟ್ ನಿಂತಿದೆ ಅಂದರೆ ಡಬ್ಬ ಎದ್ದಿದೆ. ತಾಯಿ, ಎಚ್‌ಡಿಎಂಐ ವೈರಿನ ಒಂದು ತುದಿ ಪಿಎಸ್5ಗೆ. ಇನ್ನೊಂದು ತುದಿ ಎಲ್ಲಿದೆ?

ಡೊಂಬಿವಲಿ ಸೊಸೆ
ಸೆಟ್‌ಟಾಪ್ ಬಾಕ್ಸಿಗೆ.

ಎರಡನೇ ಕಂಟ್ರೋಲರ್
😭

ಡೊಂಬಿವಲಿ ಸೊಸೆ
ನಗಬೇಡಿ, ಟಿವಿಗೆ ಎಲ್ಲ ಬರುವುದೇ ಅದರಿಂದ ಅಲ್ವಾ? ಟಿವಿ ಹಿಂದೆ ಕೈ ಹೋಗಲ್ಲ. ಗೋಡೆಗೂ ಟಿವಿಗೂ ಮಧ್ಯೆ ಎರಡು ಬೆರಳು ಜಾಗ.

ಮಾಟುಂಗಾ ಮಾಣಿ
ನಗುವ ವಿಷಯವೇ ಅಲ್ಲ. ನಲ್ಲಿಯಿಂದ ನೀರು ಬರುತ್ತದೆ, ನಲ್ಲಿಗೆ ನೀರು ತುಂಬಲು ಆಗುತ್ತದಾ? ಸೆಟ್‌ಟಾಪ್ ಬಾಕ್ಸೂ ನಲ್ಲಿ, ಪಿಎಸ್5 ಕೂಡ ನಲ್ಲಿ. ಬಕೆಟ್ ಅಂದರೆ ಟಿವಿ. ಎರಡು ನಲ್ಲಿಯನ್ನು ಒಂದಕ್ಕೊಂದು ಸೇರಿಸಿದ್ದೀರಿ.

ಟಿವಿ ಹಿಂದೆ ಕೈ ಹಾಕುವುದೇ ಬೇಡ. ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಹೋಗುವ ಎಚ್‌ಡಿಎಂಐ ವೈರ್ ಆಗಲೇ ಹಿಂದೆ ಸಿಕ್ಕಿಕೊಂಡಿದೆ ತಾನೇ? ಅದರ ಕೆಳಗಿನ ತುದಿಯನ್ನು ಬಾಕ್ಸಿನಿಂದ ಕಿತ್ತು ಪಿಎಸ್5ಗೆ ಹಾಕಿ. ಇವತ್ತಿಗೆ ಅಷ್ಟು ಸಾಕು. ಸೀರಿಯಲ್ ಹೊತ್ತಿಗೆ ವಾಪಸ್ ಹಾಕಿಕೊಳ್ಳಿ.

ಅಡಾಪ್ಟರ್ ಅಣ್ಣ
ಒಳ್ಳೇ ಉಪಾಯ, ಇವತ್ತಿಗೆ. ಆಮೇಲೆ ಪೆಟ್ಟಿಗೆಯಲ್ಲಿ ಬಂದ ವೈರನ್ನೇ ಟಿವಿಯ ಇನ್ನೊಂದು ಪೋರ್ಟಿಗೆ ಹಾಕಿಸಿ. ಸೆಟ್‌ಟಾಪ್ ಬಾಕ್ಸ್ ಜೊತೆ ಬರುವ ವೈರ್ ಎಷ್ಟೋ ಸಲ ಸಾಧಾರಣದ್ದು. 4ಕೆ ಚಿತ್ರ ಸೆಕೆಂಡಿಗೆ 60 ಸಲ ಅಂದರೆ ಅದಕ್ಕೆ ದಮ್ಮು ಹತ್ತುತ್ತದೆ. ಪರದೆ ಆಗಾಗ ಕಪ್ಪಾಗುವುದು, ಚುಕ್ಕೆ ಚುಕ್ಕೆ ಬರುವುದು, ಎಲ್ಲ ವೈರಿನ ದೋಷ. ಜನ ಟಿವಿ ಕೆಟ್ಟಿತು ಅಂತ ಅಂಗಡಿಗೆ ಹೊತ್ತು ತರುತ್ತಾರೆ.

ಡೊಂಬಿವಲಿ ಸೊಸೆ
ಬಂತು ಬಂತು ಬಂತು. ಚಿತ್ರ ಬಂತು. ಭಾಷೆ ಆರಿಸು ಅನ್ನುತ್ತಿದೆ. ಕನ್ನಡ ಎಲ್ಲಿದೆ?

ಎರಡನೇ ಕಂಟ್ರೋಲರ್
ಇಲ್ಲ. ಕನ್ನಡ ಅಲ್ಲ, ಹಿಂದಿಯೂ ಇಲ್ಲ, ಮರಾಠಿಯೂ ಇಲ್ಲ. ನಮ್ಮ ದೇಶದ ಒಂದು ಭಾಷೆಯೂ ಇಲ್ಲ. ಇಂಗ್ಲಿಷ್ ಒತ್ತಿ.

ರಿಟೈರ್ಡ್ ಮೇಷ್ಟ್ರು, ಮುಲುಂಡ್
ಇದನ್ನು ಕೇಳಿ ಬೇಸರವಾಯಿತು. ಫೋನಿನಲ್ಲಿ ಕನ್ನಡ ಇದೆ, ಬ್ಯಾಂಕಿನ ಯಂತ್ರದಲ್ಲಿ ಇದೆ. ಅರ್ಧ ಲಕ್ಷದ ಆಟಿಕೆಯಲ್ಲಿ ಇಲ್ಲ. ಯಾರಾದರೂ ಬರೆದು ಕೇಳಬೇಕು.

ಪಣಜಿ ಮಳೆ
ಕೇಳಿ ಮೇಷ್ಟ್ರೇ, ನಾನೂ ಸಹಿ ಹಾಕುತ್ತೇನೆ. ಆದರೆ "ಡೆಡ್‌ಜೋನ್" ಅನ್ನುವುದಕ್ಕೆ ಕನ್ನಡದಲ್ಲಿ ಏನು ಅಂತೀರಿ?

ರಿಟೈರ್ಡ್ ಮೇಷ್ಟ್ರು, ಮುಲುಂಡ್
ಅದು ಏನು ಅಂತ ಮೊದಲು ಹೇಳಿ.

ಪಣಜಿ ಮಳೆ
ಕಂಟ್ರೋಲರ್ ಕಡ್ಡಿಯನ್ನು ಸ್ವಲ್ಪ ಅಲ್ಲಾಡಿಸಿದರೂ ಆಟದಲ್ಲಿ ಏನೂ ಆಗದ ಆ ಮಧ್ಯದ ಜಾಗ.

ರಿಟೈರ್ಡ್ ಮೇಷ್ಟ್ರು, ಮುಲುಂಡ್
ಜಡಜಾಗ.

ಮಾಟುಂಗಾ ಮಾಣಿ
ಚೆನ್ನಾಗಿದೆ! ನಮ್ಮ ಸೊಸೈಟಿ ಕಮಿಟಿಗೂ ಇದೇ ಹೆಸರು ಇಡಬಹುದು.

ಡೊಂಬಿವಲಿ ಸೊಸೆ
ಕಂಟ್ರೋಲರ್ ಕೆಲಸ ಮಾಡುತ್ತಿಲ್ಲ. ಫೋನ್ ಚಾರ್ಜರ್ ವೈರಿನಿಂದ ಮುಂದಿನ ತೂತಿಗೆ ಹಾಕಿದೆ. ಕಿತ್ತಳೆ ಲೈಟ್ ಮಿನುಗುತ್ತದೆ, ಮತ್ತೇನಿಲ್ಲ.

ಎರಡನೇ ಕಂಟ್ರೋಲರ್
ಕಿತ್ತಳೆ ಅಂದರೆ ಚಾರ್ಜ್ ಆಗುತ್ತಿದೆ, ಮಾತಾಡುತ್ತಿಲ್ಲ. ಕೆಲವು ಫೋನ್ ವೈರುಗಳಲ್ಲಿ ಕರೆಂಟ್ ಮಾತ್ರ ಹೋಗುತ್ತದೆ, ಡೇಟಾ ಹೋಗಲ್ಲ. ಪೆಟ್ಟಿಗೆಯಲ್ಲಿ ಬಂದ ವೈರ್ ಹುಡುಕಿ. ಸ್ಲಿಮ್ ಮುಂದೆ ಎರಡೂ ಚಿಕ್ಕ ಯುಎಸ್‌ಬಿ, ಟೈಪ್ ಸಿ. ಪೆಟ್ಟಿಗೆಯ ವೈರಿನ ಒಂದು ತುದಿ ಅಗಲ ಇದ್ದರೆ ಅದನ್ನು ಹಿಂದಿನ ತೂತಿಗೆ ಹಾಕಿ. ಆಮೇಲೆ ನಡುವಿನ ಪಿಎಸ್ ಗುರುತಿನ ಬಟನ್ ಒತ್ತಿ. ಒಮ್ಮೆ ಗುರುತು ಹಿಡಿದರೆ ಮುಂದೆ ವೈರ್ ಬೇಡ.

ಡೊಂಬಿವಲಿ ಸೊಸೆ
ಆಯಿತು. ವೈಫೈ ಹಾಕು ಅನ್ನುತ್ತಿದೆ. ಬಿಟ್ಟು ಮುಂದೆ ಹೋಗಬಹುದಾ? ರೂಟರ್ ಬೆಡ್‌ರೂಮಿನಲ್ಲಿದೆ.

ಗುರುವಾರ ಕರೆಂಟ್ ಇಲ್ಲ
ಬಿಡಬೇಡಿ. ಸ್ಲಿಮ್‌ನಲ್ಲಿ ಡಿಸ್ಕ್ ಡ್ರೈವ್ ಬಿಚ್ಚಿ ಹಾಕುವಂಥದ್ದು, ಮೊದಲ ಸಲ ಇಂಟರ್ನೆಟ್ ಮೂಲಕ ಅದನ್ನು ಕನ್ಸೋಲಿಗೆ ಜೋಡಿಸಬೇಕು. ಇಲ್ಲದಿದ್ದರೆ ಡಿಸ್ಕ್ ಹಾಕಿದರೂ ಓದಲ್ಲ. ಜೊತೆಗೆ ಸಾಫ್ಟ್‌ವೇರ್ ಅಪ್‌ಡೇಟ್ ಬರುತ್ತದೆ. ಆ ಹೊತ್ತಿನಲ್ಲಿ ಕರೆಂಟ್ ಹೋಗಬಾರದು ಅಂತ ದೇವರಿಗೆ ಕೈ ಮುಗಿಯಿರಿ.

ಇದು ನನ್ನ ಹೊಟ್ಟೆ ಉರಿಯ ವಿಷಯ. ಪುಣೆಯವರಿಗೆ ಗೊತ್ತು, ರಿಪೇರಿ ಅಂತ ಕರೆಂಟ್ ತೆಗೆದರೆ ಅದು ಗುರುವಾರ. ನಾನು ಮೊದಲ ಸಲ ಸೆಟಪ್ ಮಾಡಿದ್ದು ರಜೆ ಹಾಕಿದ್ದ ಒಂದು ಗುರುವಾರ. ಕೊತ್ರೂಡ್‌ನಲ್ಲಿ ಬೆಳಗ್ಗೆ ಹತ್ತಕ್ಕೆ ಅಪ್‌ಡೇಟ್ ಶುರು ಮಾಡಿದೆ, ಹತ್ತೂಕಾಲಿಗೆ ಕತ್ತಲು. ಸಂಜೆ ಐದರ ತನಕ ಆ ಬಿಳಿ ಡಬ್ಬವನ್ನು ಹೆಣ ಕಾಯುವ ಹಾಗೆ ಕಾದೆ. ಕರೆಂಟ್ ಬಂದ ಮೇಲೆ ಸೇಫ್ ಮೋಡ್‌ನಲ್ಲಿ ಮತ್ತೆ ಅಪ್‌ಡೇಟ್ ಹಾಕಿದೆ, ಎದ್ದಿತು. ಅದಕ್ಕೇ ಮೊದಲು ಸೇಫ್ ಮೋಡ್ ಅಂದೆ ಮಾಣಿಯವರೇ. ಸುಟ್ಟುಕೊಂಡವನಿಗೆ ಮಜ್ಜಿಗೆಯೂ ಬಿಸಿಯೇ.

ಮಾಟುಂಗಾ ಮಾಣಿ
ಕ್ಷಮಿಸಿ ಮಾರಾಯರೇ. ಐಸಿಯು ಮಾತು ವಾಪಸ್.

ವಾಸ್ಕೊ ಹುಬ್ಬಳ್ಳಿ
ಪುಣೆಯಲ್ಲಿ ವಾರ ಆದರೂ ಗೊತ್ತು. ನಮ್ಮಲ್ಲಿ ಅದೂ ಇಲ್ಲ.

ಎರಡನೇ ಕಂಟ್ರೋಲರ್
ವೈಫೈ ಆರಿಸುವಾಗ ಒಂದೇ ಹೆಸರು ಎರಡು ಸಲ ಕಾಣಬಹುದು. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಎರಡು ಗೋಡೆ ದಾಟುವಾಗ ಸುಸ್ತಾಗುತ್ತದೆ. 2.4 ನಿಧಾನ, ಆದರೆ ತಲುಪುತ್ತದೆ. ಎರಡೂ ಪರೀಕ್ಷೆ ಮಾಡಿ ನೋಡಿ. ಸಾಧ್ಯವಾದರೆ ಒಂದು ಉದ್ದದ ಲ್ಯಾನ್ ವೈರ್ ಬಾಗಿಲ ಮೂಲೆಯಿಂದ ಎಳೆಸಿ. ದೊಡ್ಡ ಗೇಮುಗಳು 100 ಜಿಬಿ ದಾಟುತ್ತವೆ. 100 ಎಂಬಿಪಿಎಸ್ ಪೂರ್ತಿ ಸಿಕ್ಕರೂ ಎರಡೂಕಾಲು ಗಂಟೆ, 40 ಸಿಕ್ಕರೆ ಐದೂವರೆ ಗಂಟೆ. ಹುಡುಗನಿಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪ್ರತಿ ಎರಡು ನಿಮಿಷಕ್ಕೆ "ಆಯ್ತಾ" ಅಂತಾನೆ.

ಪಣಜಿ ಮಳೆ
ಡಿಸ್ಕ್ ಕೊಂಡರೆ ಡೌನ್‌ಲೋಡ್ ಬೇಡ ತಾನೇ?

ಎರಡನೇ ಕಂಟ್ರೋಲರ್
ಡೌನ್‌ಲೋಡ್ ಪೂರ್ತಿ ತಪ್ಪಿಸಲು ಆಗಲ್ಲ. ಡಿಸ್ಕಿನಿಂದ ಗೇಮ್ ಒಳಗೆ ಕಾಪಿ ಆಗುತ್ತದೆ, ಮೇಲೆ ಒಂದಿಷ್ಟು ಅಪ್‌ಡೇಟ್ ಬರುತ್ತದೆ. ಆಡುವಾಗ ಡಿಸ್ಕ್ ಒಳಗೇ ಇರಬೇಕು. ಲಾಭ ಏನು ಅಂದರೆ ಆಡಿ ಮುಗಿಸಿ ಮಾರಬಹುದು. ನಾನು ಪುಣೆಯಲ್ಲಿ ಒಂದೇ ಡಿಸ್ಕನ್ನು ನಾಲ್ಕು ಜನರ ಮಧ್ಯೆ ತಿರುಗಿಸಿದ್ದೇನೆ. ಮತ್ತೆ, 1 ಟಿಬಿ ಅಂತ ಬರೆದಿದ್ದರೂ ಬಳಸಲು ಸಿಗುವುದು 850 ಜಿಬಿಯ ಒಳಗೆ.

ಮಾಟುಂಗಾ ಮಾಣಿ
ನಮ್ಮ ಕಾಲದ ಕ್ಯಾಸೆಟ್ಟೇ ವಾಸಿ. ಲಿಟಲ್ ಮಾಸ್ಟರ್ ಅಂತ ಒಂದು ಡಬ್ಬ ಬರುತ್ತಿತ್ತು. ಹಳದಿ ಕ್ಯಾಸೆಟ್ ಮೇಲೆ "9999 ಗೇಮ್" ಅಂತ ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದುದು ಅದೇ ಏಳೆಂಟು, ಹೆಸರು ಮಾತ್ರ ಬೇರೆ. ಟಿವಿ ಆಂಟೆನಾ ವೈರ್ ಕಿತ್ತು ಇದರದ್ದು ಹಾಕಿ, ಚಾನೆಲ್ ತಿರುಗಿಸುತ್ತಾ ಕೂರಬೇಕು. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಫೂ ಅಂತ ಊದಿ ಮತ್ತೆ ಹಾಕುವುದು. ಅಪ್‌ಡೇಟ್ ಇಲ್ಲ, ಅಕೌಂಟ್ ಇಲ್ಲ. ನಮ್ಮ ಬಾಯಿಯೇ ಸರ್ವೀಸ್ ಸೆಂಟರ್.

ಅಡಾಪ್ಟರ್ ಅಣ್ಣ
ಆ ಊದುವಿಕೆಯಿಂದ ಪಿನ್ನಿಗೆ ತುಕ್ಕು ಹಿಡಿಯುತ್ತಿತ್ತು. ತೆಗೆದು ಮತ್ತೆ ಹಾಕಿದ್ದಕ್ಕೆ ಸರಿಹೋಗುತ್ತಿತ್ತೇ ಹೊರತು ಊದಿದ್ದಕ್ಕಲ್ಲ.

ಮಾಟುಂಗಾ ಮಾಣಿ
ನನ್ನ ಬಾಲ್ಯಕ್ಕೆ ಕೈ ಹಾಕಬೇಡಿ ಅಣ್ಣ.

ಡೊಂಬಿವಲಿ ಸೊಸೆ
ಅಪ್‌ಡೇಟ್ ಮುಗಿಯಿತು. ಈಗ ಅಕೌಂಟ್ ಕೇಳುತ್ತಿದೆ. ತಮ್ಮ ದುಬೈನಲ್ಲಿ ತನ್ನ ಹೆಸರಿನಲ್ಲಿ ಒಂದು ಮಾಡಿದ್ದಾನಂತೆ, ಪಾಸ್‌ವರ್ಡ್ ಕಳಿಸಿದ್ದಾನೆ. ಹಾಕಿಬಿಡಲಾ? ಮಗ ಹುಟ್ಟಿದ ವರ್ಷ 1990 ಅಂತ ಹಾಕಿ ತನ್ನದೇ ಮಾಡುತ್ತೇನೆ ಅನ್ನುತ್ತಾನೆ. ಯಾರು ಕಲಿಸಿದರೋ.

ಎರಡನೇ ಕಂಟ್ರೋಲರ್
ಎರಡೂ ಬೇಡ. ಇಲ್ಲಿ ಐದು ನಿಮಿಷ ಜಾಸ್ತಿ ಕೊಡಿ, ಮುಂದೆ ಐದು ವರ್ಷ ತಲೆನೋವು ಇರಲ್ಲ.

ಅಕೌಂಟಿನ ದೇಶ ಒಮ್ಮೆ ಹಾಕಿದರೆ ಮತ್ತೆ ಬದಲಿಸಲು ಆಗಲ್ಲ. ದುಬೈ ಅಕೌಂಟ್ ಹಾಕಿದರೆ ಗೇಮ್ ಕೊಳ್ಳುವ ಆನ್‌ಲೈನ್ ಅಂಗಡಿ ದುಬೈನದ್ದು, ಬೆಲೆ ಡಾಲರಿನಲ್ಲಿ, ನಿಮ್ಮ ಕಾರ್ಡ್ ಅಲ್ಲಿ ನಡೆಯುವುದು ಕಷ್ಟ. ಡಬ್ಬಕ್ಕೆ ದೇಶದ ಬೀಗ ಇಲ್ಲ, ದುಬೈ ಡಬ್ಬದಲ್ಲಿ ಇಂಡಿಯಾ ಅಕೌಂಟ್ ಆರಾಮಾಗಿ ಓಡುತ್ತದೆ. ಅದಕ್ಕೆ ಮೊದಲು ನಿಮ್ಮ ಹೆಸರಿನಲ್ಲಿ, ನಿಮ್ಮ ನಿಜವಾದ ಹುಟ್ಟಿದ ದಿನ ಹಾಕಿ, ದೇಶ ಇಂಡಿಯಾ ಅಂತ ಒಂದು ಮಾಡಿ. ಆಮೇಲೆ ಅದರ ಕೆಳಗೆ ಮಗನಿಗೆ ಮಕ್ಕಳ ಅಕೌಂಟ್. ದಿನಕ್ಕೆ ಎಷ್ಟು ಹೊತ್ತು, ಯಾವ ವಯಸ್ಸಿನ ಗೇಮ್, ತಿಂಗಳಿಗೆ ಎಷ್ಟು ದುಡ್ಡು, ಅಪರಿಚಿತರ ಜೊತೆ ಮಾತಾಡಬಹುದಾ, ಎಲ್ಲ ನಿಮ್ಮ ಕೈಯಲ್ಲಿ. 1990 ಅಂತ ಹಾಕಿದರೆ ಆ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ, ಮುಚ್ಚಲು ನಿಮ್ಮ ಹತ್ತಿರ ಕೀಲಿ ಇರಲ್ಲ.

ಗೇಮ್ ಕೊಳ್ಳುವುದು ನಿಮ್ಮ ಅಕೌಂಟಿನಲ್ಲಿ. ಸೆಟ್ಟಿಂಗಿನಲ್ಲಿ ಕನ್ಸೋಲ್ ಶೇರಿಂಗ್ ಅಂತ ಇದೆ, ನಿಮ್ಮ ಅಕೌಂಟಿನಿಂದ ಆನ್ ಮಾಡಿ. ನೀವು ಕೊಂಡದ್ದನ್ನು ಅದೇ ಡಬ್ಬದಲ್ಲಿ ಮಗ ತನ್ನ ಅಕೌಂಟಿನಿಂದ ಆಡಬಹುದು. ಎರಡು ಸಲ ಕೊಳ್ಳಬೇಕಿಲ್ಲ.

ರಿಟೈರ್ಡ್ ಮೇಷ್ಟ್ರು, ಮುಲುಂಡ್
ದಿನಕ್ಕೆ ಎಷ್ಟು ಹೊತ್ತು ಅಂತ ಯಂತ್ರಕ್ಕೇ ಹೇಳಿಡಬಹುದಾ? ಇದು ನನಗೆ ಗೊತ್ತಿರಲಿಲ್ಲ. ಮೊದಲು ಹೇಳಿದ್ದನ್ನು ಸ್ವಲ್ಪ ಸಡಿಲ ಮಾಡಿಕೊಳ್ಳುತ್ತೇನೆ. ಸ್ವಲ್ಪವೇ.

ಪಣಜಿ ಮಳೆ
ಕಾರ್ಡ್ ನಂಬರ್ ಮಾತ್ರ ಉಳಿಸಿ ಇಡಬೇಡಿ. ನಮ್ಮ ಮನೆಯಲ್ಲಿ ಫುಟ್‌ಬಾಲ್ ಗೇಮಿನೊಳಗೆ ಆಟಗಾರರ ಪ್ಯಾಕೆಟ್ ಅಂತ ಕೊಂಡು ಕೊಂಡು ಒಂದು ವಾರದಲ್ಲಿ ಅಡುಗೆ ಗ್ಯಾಸಿನ ಆರು ತಿಂಗಳ ದುಡ್ಡು ಹೋಯಿತು. ಅದೂ ಮಗ ಅಲ್ಲ, ಗಂಡ.

ಗುರುವಾರ ಕರೆಂಟ್ ಇಲ್ಲ
😂😂 ಗಂಡಂದಿರಿಗೂ ಮಕ್ಕಳ ಅಕೌಂಟ್ ಮಾಡಲು ಆಗುತ್ತದಾ?

ವಾಸ್ಕೊ ಹುಬ್ಬಳ್ಳಿ
ಆಡಲು ತಿಂಗಳು ತಿಂಗಳು ದುಡ್ಡು ಕಟ್ಟಬೇಕು ಅಂತಾರಲ್ಲ, ಅದೂ ಹೇಳಿ ಪಾಪ.

ಎರಡನೇ ಕಂಟ್ರೋಲರ್
ಪಿಎಸ್ ಪ್ಲಸ್. ಶುರುವಿಗೆ ಬೇಡ. ಒಬ್ಬನೇ ಆಡಲು ಬೇಡ, ಒಂದೇ ಸೋಫಾದಲ್ಲಿ ಇಬ್ಬರು ಆಡಲೂ ಬೇಡ. ದುಡ್ಡು ಕೊಟ್ಟು ಕೊಂಡ ಗೇಮನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಬೇಕು. ಫೋರ್ಟ್‌ನೈಟ್ ಥರ ಪುಕ್ಕಟೆ ಗೇಮಿಗೆ ಆನ್‌ಲೈನ್ ಆಡಲೂ ಬೇಡ.

ಅಡಾಪ್ಟರ್ ಅಣ್ಣ
ಒಂದು ಮರೆತಿದ್ದೆವು. ಟಿವಿಯ ಚಿತ್ರದ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಟಿವಿ ಪ್ರತಿ ಚಿತ್ರಕ್ಕೂ ಪೌಡರ್ ಹಚ್ಚಿ ತೋರಿಸುತ್ತದೆ. ಬಟನ್ ಒತ್ತಿ ಒಂದು ಗಳಿಗೆ ಆದ ಮೇಲೆ ಬೊಂಬೆ ಹಾರುತ್ತದೆ. ಹುಡುಗ ಕಂಟ್ರೋಲರ್ ಕೆಟ್ಟಿದೆ ಅಂತಾನೆ.

ಮಾಟುಂಗಾ ಮಾಣಿ
ಗೇಮ್ ಯಾವುದು ಕೊಂಡಿರಿ?

ಡೊಂಬಿವಲಿ ಸೊಸೆ
ಏನೂ ಕೊಂಡಿಲ್ಲ. ತಮ್ಮ ಒಂದು ಸಿನಿಮಾ ಬ್ಲೂರೇ ಕೊಟ್ಟಿದ್ದಾನೆ, ದುಬೈನದ್ದೇ.

ಎರಡನೇ ಕಂಟ್ರೋಲರ್
ದುಬೈ ಡಬ್ಬಕ್ಕೆ ದುಬೈ ಬ್ಲೂರೇ ಓಡುತ್ತದೆ, ಸಿನಿಮಾ ಡಿಸ್ಕಿಗೆ ದೇಶಗಳನ್ನು ವಲಯ ಮಾಡಿದ್ದಾರೆ, ಎರಡೂ ಬಿ ವಲಯ. ನಮ್ಮ ದೇಶ ಸಿ ವಲಯ, ಇಲ್ಲಿನ ಸಿನಿಮಾ ಡಿಸ್ಕಿಗೆ ವಲಯದ ಬೀಗ ಇದ್ದರೆ ಓಡಲ್ಲ. ಗೇಮ್ ಡಿಸ್ಕಿಗೆ ಈ ಕಾಟ ಇಲ್ಲ. ಗೇಮಿಗೆ ಇವತ್ತು ದುಡ್ಡು ಹಾಕಬೇಡಿ. ಒಳಗೇ ಆಸ್ಟ್ರೋಸ್ ಪ್ಲೇರೂಮ್ ಅಂತ ಒಂದು ಪುಕ್ಕಟೆ ಇದೆ, ಪುಟ್ಟ ರೋಬೋ. ಕಂಟ್ರೋಲರ್ ಏನೇನು ಮಾಡುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಡೊಂಬಿವಲಿ ಸೊಸೆ
ರಾತ್ರಿ ಹನ್ನೊಂದೂವರೆ. ಎಲ್ಲರೂ ಮಲಗಿದ್ದೀರೋ ಏನೋ, ಆದರೂ ಬರೆಯುತ್ತೇನೆ.

ಆ ರೋಬೋ ಆಟ ಹಾಕಿದೆವು. ಒಂದು ಕಡೆ ಫ್ಯಾನ್ ತಿರುಗಿಸಬೇಕು, ಅದಕ್ಕೆ ಕಂಟ್ರೋಲರಿನ ಮೈಕಿಗೆ ಊದಬೇಕಂತೆ. ಮಗ ಊದಿದ, ಉಗುಳು ಹಾರಿತೇ ಹೊರತು ಫ್ಯಾನ್ ಸರಿಯಾಗಿ ತಿರುಗಲಿಲ್ಲ. ನಾನು ಊದಿದೆ, ನನ್ನದೂ ಅಷ್ಟಕ್ಕಷ್ಟೇ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಕೊಡಿಲ್ಲಿ" ಅಂದರು. ಕಾರ್ಕಳದ ಮನೆಯಲ್ಲಿ ಮೂವತ್ತು ವರ್ಷ ಹಸಿ ಸೌದೆಗೆ ಊದುಗೊಳವೆಯಲ್ಲಿ ಊದಿದ ಬಾಯಿ ಅದು. ಒಂದೇ ಉಸಿರು, ತೆಳ್ಳಗೆ, ಉದ್ದಕ್ಕೆ. ಫ್ಯಾನ್ ಗಿರ್ರಂತ ತಿರುಗಿ ರೋಬೋ ಮೇಲಕ್ಕೆ ಹೋಯಿತು.

ಮಾಟುಂಗಾ ಮಾಣಿ
ಅಡಾಪ್ಟರ್ ಅಣ್ಣ, ಎದ್ದಿದ್ದೀರಾ? ಊದುವುದರ ಬಗ್ಗೆ ಏನೋ ಹೇಳುತ್ತಿದ್ದಿರಿ.

ಅಡಾಪ್ಟರ್ ಅಣ್ಣ
ಮಲಗಿದ್ದೇನೆ.

ಡೊಂಬಿವಲಿ ಸೊಸೆ
ಬೆಳಗಿನ ಅಪ್‌ಡೇಟ್: ಐದೂವರೆಗೆ ಹಾಲ್ ಕಡೆಯಿಂದ ಶಬ್ದ ಬಂತು. ಮಗ ಅಂದುಕೊಂಡು ಬೈಯಲು ಎದ್ದೆ, ಅವನು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ. ಅತ್ತೆಗೆ ಬೇರೆ ಅಕೌಂಟ್ ಮಾಡಬೇಕಾ, ಇಲ್ಲ ನನ್ನದರಲ್ಲೇ ಆಡಬಹುದಾ?

ಎರಡನೇ ಕಂಟ್ರೋಲರ್
ಬೇರೆ ಮಾಡಿ. ಇಲ್ಲದಿದ್ದರೆ ನೀವು ಉಳಿಸಿದ ಆಟದ ಮೇಲೆ ಅವರು ಮುಂದೆ ಹೋಗಿಬಿಡುತ್ತಾರೆ.